ಅದೇ ಚೌಕ, ಅದೇ ಗೂಟ



ಪದವಿ ಕಾಲೇಜುಗಳಲ್ಲಿ ಪರೀಕ್ಷೆ ಮುಗಿಯುತ್ತಾ ಬಂತು. ಇನ್ನು ಬೇಸಿಗೆ ರಜೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಹುಡುಗ ಹುಡುಗಿಯರು ಹಾಸ್ಟೆಲಿನಿಂದ ಊರಿಗೆ ಬರುವ ಹೊತ್ತು. ಬಂದ ಕೂಡಲೇ ಕೆಲಸ ಕಾದಿರುತ್ತದೆ, ನನಗೆ ಗೊತ್ತು. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕಬೇಕು. ಹದವಾದ ಮಳೆ ಬಿದ್ದರೆ ನಾಟಿಗೆ ಇಳಿಯಬೇಕು. ಆ ಕೆಲಸ ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಅದರ ನಡುವೆ ವಾರಕ್ಕೊಂದು ಬೆಳಗ್ಗೆ ಕೊಡಿ ಎಂದು ಕೇಳುತ್ತೇನೆ. ಯಾತಕ್ಕೆ ಎಂಬುದೇ ಇವತ್ತಿನ ಮಾತು.

ಕಟ್ಟೆಮಳಲವಾಡಿಯಿಂದ ಶುರು ಮಾಡೋಣ. ಹುಣಸೂರು ತಾಲ್ಲೂಕಿನ ಊರು. ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿಂದ ಎಲ್ಲರಿಗೂ ಪರಿಚಿತ. ಊರಿನ ಹೆಸರನ್ನು ಬಿಡಿಸಿ ಕೇಳಿ. ಕಟ್ಟೆ ಇದೆ. ಮಳಲು ಇದೆ. ಮಳಲು ಎಂದರೆ ಹಳಗನ್ನಡದಲ್ಲಿ ಮರಳು. ಊರಿನ ಪಕ್ಕದಲ್ಲಿ ಲಕ್ಷ್ಮಣತೀರ್ಥ ನದಿ ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ಹಳೆಯ ಅಣೆಕಟ್ಟೆ ಇದೆ. ಮಳೆಗಾಲದಲ್ಲಿ ನೀರು ಕಟ್ಟೆಯ ಉದ್ದಕ್ಕೂ ಬೆಳ್ಳಗೆ ಧುಮುಕುತ್ತದೆ. ಆ ಸದ್ದು ದೂರಕ್ಕೇ ಕೇಳುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಸದ್ದಿಲ್ಲ. ಕಲ್ಲುಗಳು ಕಾಣುತ್ತವೆ. ಕಲ್ಲುಗಳ ನಡುವೆ ಅಲ್ಲಲ್ಲಿ ನಿಂತ ನೀರು.

ಈ ನದಿ ಹುಟ್ಟುವುದು ಕೊಡಗಿನ ಬ್ರಹ್ಮಗಿರಿ ಸಾಲಿನಲ್ಲಿ. ಇರ್ಪುವಿನಲ್ಲಿ ಜಲಪಾತವಾಗಿ ಇಳಿಯುತ್ತದೆ. ಹನಗೋಡಿನಲ್ಲಿ ಒಂದು ಅಣೆಕಟ್ಟೆ ದಾಟುತ್ತದೆ. ಹುಣಸೂರು ಪಟ್ಟಣದ ನಡುವೆ ಹಾದು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತದೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕಲುಷಿತ ನದಿಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದ 17 ನದಿಗಳ ಹೆಸರಿದೆ. ಲಕ್ಷ್ಮಣತೀರ್ಥವೂ ಒಂದು. ಅಲ್ಲಿ ಗುರುತು ಮಾಡಿದ ಭಾಗ ಹುಣಸೂರು ಮತ್ತು ಕಟ್ಟೆಮಳಲವಾಡಿಯ ನಡುವಿನ ಹರಿವು. ಇರ್ಪುವಿನಲ್ಲಿ ಬೊಗಸೆಯಲ್ಲಿ ಹಿಡಿದು ಕುಡಿಯುವ ನೀರು ಇಲ್ಲಿಗೆ ಬರುವಷ್ಟರಲ್ಲಿ ಪಟ್ಟಿಗೆ ಸೇರಿತ್ತು. ಈ ಸಂಗತಿ ನನ್ನ ಮನಸ್ಸನ್ನು ಇವತ್ತಿಗೂ ಕಲಕುತ್ತದೆ.

ಪಟ್ಟಿ ಹೇಳಿದ್ದು ನದಿಗೆ ಪೆಟ್ಟು ಬಿದ್ದಿದೆ ಎಂದು. ಅದು ಮಾಯುತ್ತಿದೆಯೆ? ಯಾವ ಕಡೆ, ಎಷ್ಟು? ಅದನ್ನು ಹೇಳಬೇಕಾದವರು ಅಲ್ಲೇ ಇರುವವರು. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಪದಗಳಿವೆ. ಪರಿಸರ ವ್ಯವಸ್ಥೆಯ ಕ್ಷೋಭೆ, ಪುನಶ್ಚೇತನ. ನಾನು ಇವತ್ತು ಪೆಟ್ಟು, ಮಾಯುವುದು ಎಂದೇ ಹೇಳುತ್ತೇನೆ. ಮಗು ಬಿದ್ದು ಮಂಡಿ ತರಚಿಕೊಂಡರೆ ನಮ್ಮ ಮನೆಗಳಲ್ಲಿ ಆಡುವ ಮಾತುಗಳು ಇವೇ.

ಪೆಟ್ಟುಗಳೆಲ್ಲ ಒಂದೇ ಥರ ಇರುವುದಿಲ್ಲ. ಇದನ್ನು ಮೊದಲು ತಿಳಿಯಬೇಕು. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹರಿಯಿತು. ತಗ್ಗಿನ ಬಡಾವಣೆಗಳಿಗೆ, ಗದ್ದೆಗಳಿಗೆ ನುಗ್ಗಿತು. ದಡದ ಗಿಡಗಳು ಕಿತ್ತುಹೋದವು. ಅದು ಬಂದು ಹೋಗುವ ಪೆಟ್ಟು. ನೆರೆ ಇಳಿದ ಮೇಲೆ ನದಿ ತನ್ನ ದಡವನ್ನು ತಾನೇ ಕಟ್ಟಿಕೊಳ್ಳುತ್ತದೆ. ಚರಂಡಿ ನೀರು ಹಾಗಲ್ಲ. ಅದು ದಿನಾ ಬೀಳುವ ಪೆಟ್ಟು. ಮಾಯಲು ಬಿಡುವೇ ಇರುವುದಿಲ್ಲ. ಮೂರನೆಯದು ಇನ್ನೊಂದು ಬಗೆ. ಎಚ್.ಡಿ. ಕೋಟೆಯ ಹಿರಿಯರು ಬಲ್ಲರು. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಎದ್ದಿತು. ಖೆಡ್ಡಾ ನಡೆದ ನೆಲವೇ ಹಿನ್ನೀರಿನಡಿ ಹೋಯಿತು. ಹಳೆಯ ಹೊಳೆದಂಡೆ ಅಲ್ಲಿಗೆ ಮರಳುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಹಸಿರು ಹುಲ್ಲು ಏಳುತ್ತದೆ. ಆನೆಗಳ ಹಿಂಡು ಅದಕ್ಕೆ ಇಳಿಯುತ್ತದೆ. ಹಳೆಯದು ಹೋಗಿ ಹೊಸದೊಂದು ಬದುಕು ಕಟ್ಟಿಕೊಂಡಿದೆ.

ಹೀಗೆ ಮೂರು ಬಗೆ ಹೇಳಿದೆ. ಬಂದು ಹೋಗುವ ಪೆಟ್ಟು, ದಿನಾ ಬೀಳುವ ಪೆಟ್ಟು, ನೆಲವನ್ನೇ ಬದಲಿಸುವ ಪೆಟ್ಟು. ಯಾವುದು ಎಂದು ತಿಳಿಯದೆ ಹೋಗಿ ಸಸಿ ನೆಟ್ಟರೆ ಪ್ರಯೋಜನ ಕಡಿಮೆ. ಪರಿಸರ ದಿನವಾದ ಜೂನ್ 5ರಂದು ನೆಟ್ಟ ಸಸಿಗಳ ಫೋಟೋ ಎಲ್ಲರ ಹತ್ತಿರ ಇರುತ್ತದೆ. ಮರುವರ್ಷ ಜೂನ್ 4ರಂದು ಅದೇ ಜಾಗಕ್ಕೆ ಹೋಗಿ ಎಷ್ಟು ಉಳಿದಿವೆ ಎಂದು ಎಣಿಸಿದವರು ಬಹಳ ಕಡಿಮೆ. ನನ್ನ ಇವತ್ತಿನ ಮಾತೆಲ್ಲ ಆ ಎರಡನೆಯ ಭೇಟಿಯ ಬಗ್ಗೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದವನು. 2019ರ ಆ ದೊಡ್ಡ ನೆರೆಗೆ ಮುಂಚಿನ ಬೇಸಿಗೆ. ಬಿ.ಎಸ್ಸಿ. ಮಕ್ಕಳನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿದ್ದೆ. ಹೊಂಗೆ, ಹೊಳೆಮತ್ತಿ, ಅತ್ತಿ, ನೇರಳೆ, ಇವುಗಳ ಬುಡದಲ್ಲಿ ಎಷ್ಟು ಮರಿಸಸಿ ಎದ್ದಿವೆ ಎಂದು ಎಣಿಸಿದೆವು. ಮಕ್ಕಳು ಶ್ರದ್ಧೆಯಿಂದ ಬರೆದರು. ನಾವು ಗೂಟ ಹೊಡೆಯಲಿಲ್ಲ. ಜಾಗದ ಗುರುತು ಬರೆಯಲಿಲ್ಲ. ದಡದ ದೊಡ್ಡ ಮರದ ಹತ್ತಿರ ಎಂದಷ್ಟೇ ಬರೆದುಕೊಂಡೆವು. ಆಗಸ್ಟ್‌ನಲ್ಲಿ ನೆರೆ ಬಂತು. ಮರುವರ್ಷ ಹೋದರೆ ದಡದ ಆಕಾರವೇ ಬೇರೆ. ಯಾವುದು ಆ ದೊಡ್ಡ ಮರ? ಗೊತ್ತಾಗಲಿಲ್ಲ. ಅಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಪರದಾಟ ನೋಡಿ ಹತ್ತಿರ ಬಂದರು. "ಮೇಷ್ಟ್ರೇ, ಹೊಳೆ ಹೋದ ವರ್ಸ ಇದ್ದ ತಾವು ಈ ವರ್ಸ ಇರಾಕಿಲ್ಲ. ಗುರ್ತ ಬಂಡೆಗೆ ಮಾಡ್ಕಬೇಕಿತ್ತು," ಎಂದರು. ನೆರೆಯ ಮುಂಚೆ ಹೇಗಿತ್ತು ಎಂಬ ಲೆಕ್ಕ ನಮ್ಮ ಕೈಯಲ್ಲೇ ಇತ್ತು. ನೆರೆಯ ನಂತರದ್ದಕ್ಕೆ ಅದನ್ನು ಜೋಡಿಸಲು ಆಗಲಿಲ್ಲ. ಅಂಥ ನೆರೆ ಮತ್ತೆ ಯಾವಾಗ ಬರುತ್ತದೋ. ಆ ಮಕ್ಕಳ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ತೆರೆದಾಗಲೆಲ್ಲ ಸಂಕಟವಾಗುತ್ತದೆ.

ಗೂಟ ಹೊಡೆದು ಮರಳಿ ಹೋದವರಿಗೆ ಏನು ಸಿಕ್ಕಿತು? ಮೂರು ಉದಾಹರಣೆ ಹೇಳುತ್ತೇನೆ. ಎರಡು ನಮ್ಮ ಪಕ್ಕದವೇ.

ಬಂಡೀಪುರದ ಆಚೆ, ತಮಿಳುನಾಡಿನ ಮುದುಮಲೆ ಕಾಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿದರು. ನಮ್ಮ ಲೆಕ್ಕದಲ್ಲಿ ಸುಮಾರು 125 ಎಕರೆ. ಅದರೊಳಗಿನ ಬೆರಳು ದಪ್ಪದ ಗಿಡದಿಂದ ಹಿಡಿದು ಒಂದೊಂದಕ್ಕೂ ನಂಬರಿನ ಬಿಲ್ಲೆ ಕಟ್ಟಿದರು. ಆಗ ಸುಮಾರು 25,000 ಗಿಡಮರ. ಪ್ರತಿ ವರ್ಷ ಹೋಗಿ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ನೋಡುತ್ತಾ ಬಂದರು. ಕಾಡು ಹೊರಗಿನಿಂದ ನೋಡುವವರಿಗೆ ಹಾಗೇ ಇತ್ತು. ಒಳಗೆ ಬೆಂಡೆ ಮರ, ಎಡಮುರಿ ಗಿಡ ಸರಸರನೆ ಕಡಿಮೆಯಾಗುತ್ತಿದ್ದವು. ಆನೆಗಳು ಮುರಿದು ತಿನ್ನುತ್ತಿದ್ದವು. ಒಂದೇ ಸಲ ನೋಡಿ ಬಂದವರಿಗೆ ಇದು ತಿಳಿಯುತ್ತಲೇ ಇರಲಿಲ್ಲ.

ಎರಡನೆಯದು ಬಿಳಿಗಿರಿರಂಗನ ಬೆಟ್ಟ. ಅಲ್ಲಿ ಲಾಂಟಾನದ ಹಾವಳಿ. ಲಾಂಟಾನ ನಿಮಗೆಲ್ಲ ಗೊತ್ತು. ಗುಲಾಬಿ, ಹಳದಿ ಬಣ್ಣದ ಸಣ್ಣ ಹೂಗೊಂಚಲು, ಒರಟು ಎಲೆ, ಕೈಗೆ ಗೀರುವ ಮುಳ್ಳು. ಸುಮಾರು 200 ವರ್ಷದ ಹಿಂದೆ ತೋಟದ ಚಂದಕ್ಕೆಂದು ಅಮೆರಿಕ ಖಂಡದಿಂದ ತಂದದ್ದು. ಬೆಂಗಳೂರಿನ ಏಟ್ರೀ ಸಂಸ್ಥೆಯವರು 1997ರಲ್ಲಿ ಬೆಟ್ಟದ ತುಂಬ ಚೌಕಗಳನ್ನು ಗುರುತಿಸಿ ನೋಡಿದಾಗ ನೂರಕ್ಕೆ ಸುಮಾರು 40 ಚೌಕಗಳಲ್ಲಿ ಲಾಂಟಾನ ಇತ್ತು. 2008ರಲ್ಲಿ ಅದೇ ಚೌಕಗಳಿಗೆ ಮರಳಿದರು. ನೂರಕ್ಕೆ ಸುಮಾರು 80. ಹನ್ನೊಂದು ವರ್ಷದಲ್ಲಿ ಎರಡರಷ್ಟು. ಯಾಕೆ ಎಂದು ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರನ್ನು ಕೇಳಿದರು. ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಅದು ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಅದರಿಂದಲೇ ಲಾಂಟಾನ ಏರಿತು ಎಂದು ಅವರ ಮಾತು. ಇದನ್ನು ಒಪ್ಪದವರೂ ಇದ್ದಾರೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಕಂಡ ಯಾರಿಗಾದರೂ ಬೆಂಕಿ ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಕಾಡಿನಲ್ಲೇ ಹುಟ್ಟಿ ಬೆಳೆದವರ ಮಾತನ್ನು ಪರೀಕ್ಷೆ ಮಾಡದೆ ಬದಿಗೆ ಸರಿಸುವುದು ವಿಜ್ಞಾನವಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ.

ಮೂರನೆಯದು ದೂರದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ್ದೊಂದು ಕಾಡಿದೆ. 1938ರ ಚಂಡಮಾರುತ ಅಲ್ಲಿ ಮರಗಳನ್ನು ಮಲಗಿಸಿತ್ತು. ಅಂಥ ಪೆಟ್ಟಿನ ನಂತರ ಕಾಡು ಏನು ಮಾಡುತ್ತದೆ? ತಿಳಿಯಲು 1990ರಲ್ಲಿ ಸಂಶೋಧಕರೇ ಹಗ್ಗ ಕಟ್ಟಿ, ಯಂತ್ರದಿಂದ ಎಳೆದು, ಎರಡು ಎಕರೆಯಲ್ಲಿ 250ಕ್ಕೂ ಹೆಚ್ಚು ಮರ ಕೆಡವಿದರು. ಕೆಡವಿ ಹಾಗೇ ಬಿಟ್ಟರು. ಮಲಗಿದ ಮರಗಳಲ್ಲಿ ಬಹಳಷ್ಟು ಮರುವರ್ಷ ಮಲಗಿದಲ್ಲೇ ಚಿಗುರಿದವು. ನಾವಾದರೆ ಬಿದ್ದ ಮರವನ್ನು ಮರುದಿನವೇ ಸಾಗಿಸಿಬಿಡುತ್ತೇವೆ. ಆ ಕಾಡಿಗೆ ಪ್ರತಿ ಬೇಸಿಗೆ ಪದವಿ ವಿದ್ಯಾರ್ಥಿಗಳು ಬಂದು ಹತ್ತು ಹನ್ನೊಂದು ವಾರ ಇದ್ದು ಅಳತೆ ಮಾಡುತ್ತಾರೆ. ನಿಮ್ಮದೇ ವಯಸ್ಸಿನವರು.

ಮೂರು ಕಡೆಯೂ ಗುರುತು ಮಾಡಿದ ಜಾಗಕ್ಕೆ ಮತ್ತೆ ಮತ್ತೆ ಹೋದದ್ದರಿಂದಲೇ ಉತ್ತರ ಸಿಕ್ಕಿತು. ಅವರಿಗೆ ಹಣ ಇತ್ತು, ಯಂತ್ರ ಇತ್ತು, ನಮಗೇನಿದೆ ಎಂದು ನೀವು ಕೇಳಬಹುದು. ನಿಮಗೆ ಆ ಊರೇ ಇದೆ. ರಜೆ ಬಂದಾಗಲೆಲ್ಲ ನೀವು ಅಲ್ಲಿಗೆ ಮರಳುತ್ತೀರಿ. ಇನ್ನೊಂದು ಅನುಕೂಲ ನಮ್ಮ ಮಳೆಯ ಲೆಕ್ಕ. ಅಶ್ವಿನಿ ಹುಟ್ಟುವುದು ಏಪ್ರಿಲ್ ಮಧ್ಯಕ್ಕೆ. ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಜೂನ್ ಎರಡನೇ ವಾರಕ್ಕೆ ಮೃಗಶಿರ. ನಿಮ್ಮ ರಜೆಯ ಆಸುಪಾಸಿನಲ್ಲೇ ನೆಲ ಒಣಗಿ ಬಿರಿದದ್ದನ್ನೂ ಕಾಣಬಹುದು, ಅದೇ ನೆಲ ಚಿಗುರುವುದನ್ನೂ ಕಾಣಬಹುದು. ಎಲ್ಲಿ ಚಿಗುರುತ್ತದೆ, ಎಲ್ಲಿ ಚಿಗುರುವುದಿಲ್ಲ ಎಂಬುದರಲ್ಲಿ ಪೆಟ್ಟಿನ ಕತೆ ಇರುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಹೊಳೆದಂಡೆ. ಅಣೆಕಟ್ಟೆಗೆ ಮೇಲ್ಗಡೆ ಒಂದು ಜಾಗ, ಕೆಳಗಡೆ ಒಂದು ಜಾಗ ಆರಿಸಿ. ಒಂದೊಂದು ಕಡೆಯೂ ಹತ್ತು ಹೆಜ್ಜೆಗೊಂದರಂತೆ ಐದು ಚೌಕ. ಚೌಕ ಎಂದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ನಾಲ್ಕು ಗೂಟ, ಸುತ್ತ ಹುರಿ. ಗೂಟ ಕಿತ್ತುಹೋದರೂ ಜಾಗ ಸಿಗಬೇಕು. ಅದಕ್ಕೆ ಆ ಹಿರಿಯರು ಹೇಳಿದ ಹಾಗೆ ಅಲುಗದ ಬಂಡೆಗೋ ಸೇತುವೆಯ ಕಂಬಕ್ಕೋ ಗುರುತು ಮಾಡಿ, ಅಲ್ಲಿಂದ ಎಷ್ಟು ಮೀಟರ್, ಯಾವ ದಿಕ್ಕಿಗೆ ಎಂದು ಬರೆಯಿರಿ. ಮೊಬೈಲ್ ಫೋನಿನಲ್ಲಿ ಅಕ್ಷಾಂಶ ರೇಖಾಂಶ ಸಿಗುತ್ತದೆ, ಅದನ್ನೂ ಬರೆಯಿರಿ. ಆಮೇಲೆ ಚೌಕದೊಳಗೆ ಎಷ್ಟು ಬಗೆಯ ಗಿಡ, ಒಂದೊಂದೂ ಎಷ್ಟು, ಬರಿ ಮಣ್ಣು ಎಷ್ಟು ಭಾಗ ಎಂದು ನೋಡಿ. ಹೆಸರು ಗೊತ್ತಿಲ್ಲದ ಗಿಡವನ್ನು ಬಿಡಬೇಡಿ. ಗಿಡ ಒಂದು, ಗಿಡ ಎರಡು ಎಂದು ಬರೆದು ಒಂದು ರೆಂಬೆಯನ್ನು ಹಳೇ ಪತ್ರಿಕೆಯ ನಡುವೆ ಒಣಗಿಸಿ ಇಡಿ. ನಿಮ್ಮ ಅಜ್ಜಿಯನ್ನು ಕೇಳಿ. ಅನೇಕ ಸಲ ಕಾಲೇಜಿಗೆ ಹೋಗುವ ಮುಂಚೆಯೇ ಹೆಸರು ಸಿಕ್ಕಿಬಿಡುತ್ತದೆ.

ನೀರನ್ನು ಹೇಗೆ ನೋಡುವುದು? ಪ್ರಯೋಗಾಲಯ ಇಲ್ಲದೆಯೂ ಎರಡು ಕೆಲಸ ಮಾಡಬಹುದು. ಒಂದು ತಟ್ಟೆ ತೆಗೆದುಕೊಳ್ಳಿ. ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣ ಹಚ್ಚಿ. ಮಧ್ಯಕ್ಕೆ ಹುರಿ ಕಟ್ಟಿ, ತಳಕ್ಕೆ ಒಂದು ಕಲ್ಲು ಕಟ್ಟಿ, ಮೆಲ್ಲಗೆ ನೀರಿಗೆ ಇಳಿಸಿ. ಎಷ್ಟು ಆಳಕ್ಕೆ ತಟ್ಟೆ ಕಣ್ಣಿಗೆ ಮರೆಯಾಯಿತು? ಹುರಿಯ ಮೇಲೆ ಆ ಅಳತೆ ಸಿಗುತ್ತದೆ. ಕಡಲಿನಲ್ಲೂ ಸರೋವರಗಳಲ್ಲೂ ನೂರೈವತ್ತು ವರ್ಷದಿಂದ ಹೀಗೆಯೇ ಅಳೆಯುತ್ತಾ ಬಂದಿದ್ದಾರೆ. ಎರಡನೆಯದು, ನೀರಿನೊಳಗಿನ ಕಲ್ಲು ಎತ್ತಿ ತಿರುಗಿಸಿ ನೋಡುವುದು. ಚೊಕ್ಕ ನೀರಿನ ಕಲ್ಲಿನಡಿ ಬಾಲಕ್ಕೆ ಎರಡು ಮೂರು ಎಳೆಗಳಿರುವ, ಚಪ್ಪಟೆ ಮೈಯ ಮರಿಹುಳುಗಳು ಅಂಟಿಕೊಂಡಿರುತ್ತವೆ. ಅವಕ್ಕೆ ಆಮ್ಲಜನಕ ಬಹಳ ಬೇಕು. ಕೊಳಚೆ ಸೇರಿದ ನೀರಿನಲ್ಲಿ ಅವು ಮೊದಲು ಮಾಯವಾಗುತ್ತವೆ. ಉಳಿಯುವುದು ಕೆಸರಿನಲ್ಲಿ ಹೊರಳುವ, ರಕ್ತದ ಬಣ್ಣದ ಸಣ್ಣ ಹುಳುಗಳು. ಹುಳು ಎಣಿಸಿ, ಕಲ್ಲನ್ನು ಇದ್ದ ಹಾಗೆಯೇ ಇಟ್ಟುಬಿಡಿ. ಕೈಗೆ ಗಾಯವಿದ್ದರೆ ನೀರಿಗೆ ಕೈ ಹಾಕಬೇಡಿ. ಮುಗಿದ ಮೇಲೆ ಸೋಪು ಹಾಕಿ ತೊಳೆಯಿರಿ. ಒಬ್ಬರೇ ಎಂದೂ ಹೋಗಬೇಡಿ. ಮಳೆ ಜೋರಾದ ದಿನ ಹೊಳೆಯ ಹತ್ತಿರ ಸುಳಿಯಲೇಬೇಡಿ.

ಹೊಳೆಯ ಮಾತು ಆಯಿತು. ಚೌಕ, ತಟ್ಟೆ, ಕಲ್ಲು. ಈಗ ಹೊಳೆಯಿಂದ ದೂರವಿರುವ ಊರಿನವರಿಗೆ.

ನಿಮ್ಮೂರಿನ ಗೋಮಾಳದಲ್ಲೋ, ಕೆರೆಯ ಏರಿಯ ಹಿಂದೋ ಲಾಂಟಾನ ಇದ್ದೇ ಇರುತ್ತದೆ. ಪಂಚಾಯಿತಿಯವರ ಒಪ್ಪಿಗೆ ಪಡೆದು ಅಲ್ಲಿ ಮೂರು ಚೌಕ ಮಾಡಿ. ಇವು ದೊಡ್ಡ ಚೌಕಗಳಾಗಲಿ, ಐದು ಮೀಟರ್‌ನವು. ಒಂದರಲ್ಲಿ ಲಾಂಟಾನವನ್ನು ಹಾಗೇ ಬಿಡಿ. ಇನ್ನೊಂದರಲ್ಲಿ ತೆಗೆಯಿರಿ. ಮೂರನೆಯದರಲ್ಲಿ ತೆಗೆದು, ಸುತ್ತ ಮುಳ್ಳುಬೇಲಿ ಹಾಕಿ, ದನ ಕುರಿ ಹೋಗದ ಹಾಗೆ ಮಾಡಿ. ತೆಗೆಯುವುದಕ್ಕೂ ಕ್ರಮ ಇದೆ. ಮೇಲಿಂದ ಕತ್ತರಿಸಿದರೆ ಬುಡದಿಂದ ದುಪ್ಪಟ್ಟು ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ.ಆರ್. ಬಾಬು ಮತ್ತು ಅವರ ತಂಡದವರು ಒಂದು ಉಪಾಯ ಕಂಡುಕೊಂಡರು. ನೆಲದಿಂದ ಎರಡು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಮೆಳೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡುವುದು. ಹೂ ಕಾಯಿ ಬಿಡುವ ಮುಂಚೆ ತೆಗೆದರೆ ಒಳ್ಳೆಯದು. ಕಾಯಿ ಆದರೆ ಪಿಕಳಾರ ಹಕ್ಕಿ ತಿಂದು ಬೀಜವನ್ನು ಊರೆಲ್ಲ ಹಂಚುತ್ತದೆ. ಮೂರು ಚೌಕಗಳನ್ನು ಜೊತೆಗಿಟ್ಟು ನೋಡಿದಾಗ ಒಂದು ಮುಖ್ಯ ಪ್ರಶ್ನೆ ಬಿಡಿಸಿಕೊಳ್ಳುತ್ತದೆ. ಹುಲ್ಲು ಬಾರದ್ದು ಲಾಂಟಾನದಿಂದಲೋ, ಮೇಯಿಸಿದ್ದರಿಂದಲೋ? ಈ ಪ್ರಶ್ನೆಗೆ ಊರಿನಲ್ಲಿ ಜಗಳವೇ ನಡೆಯುತ್ತದೆ. ಚೌಕ ಯಾರ ಪಕ್ಷವನ್ನೂ ವಹಿಸುವುದಿಲ್ಲ.

ನಾಗರಹೊಳೆ ಕಾಡಿನೊಳಗೆ ಮಾತ್ರ ಈ ಕೆಲಸಕ್ಕೆ ಹೋಗಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವುದು ಅಪರಾಧ, ಆನೆ ಇರುವ ಜಾಗದಲ್ಲಿ ಅಪಾಯವೂ ಹೌದು. ಕಾಡಿನ ಹೊರಗೇ ಒಂದು ಜೀವಮಾನಕ್ಕೆ ಆಗುವಷ್ಟು ಪ್ರಶ್ನೆಗಳಿವೆ.

ಅದರಲ್ಲಿ ಒಂದು ನಿಮ್ಮ ಮನೆಯ ಹಿತ್ತಲಿನಲ್ಲೇ ಇದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್. ಒಂದು ಕೆ.ಜಿ. ಸೊಪ್ಪು ಹದವಾಗಲು ಸುಮಾರು ನಾಲ್ಕರಿಂದ ಐದು ಕೆ.ಜಿ. ಸೌದೆ ಬೇಕು ಎಂಬುದು ಸಾಮಾನ್ಯ ಲೆಕ್ಕ. ತಂಬಾಕು ಮಂಡಳಿ ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಗೊತ್ತು ಮಾಡಿರುವ ಬೆಳೆ ಸುಮಾರು 10 ಕೋಟಿ ಕೆ.ಜಿ. ಅದರ ಬಹುಪಾಲು ನಮ್ಮ ಸುತ್ತಿನ ತಾಲ್ಲೂಕುಗಳದು. ಅಷ್ಟೂ ಬೆಳೆದರೆ ನಾಲ್ಕರ ಲೆಕ್ಕದಲ್ಲೂ ನಾಲ್ಕು ಲಕ್ಷ ಟನ್ ಸೌದೆ. ಹತ್ತು ಟನ್ನಿನ ಲಾರಿಯಾದರೆ 40,000 ಲಾರಿ. ಇಷ್ಟು ಮರ ಎಲ್ಲಿಂದ ಬರುತ್ತಿದೆ? ಬೆಳೆಗಾರರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಆ ಬೆಳೆಯ ದುಡ್ಡಿನಲ್ಲೇ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಓದಿದರು. ಬೇಸಿಗೆಯಲ್ಲಿ ಮನೆಗೆ ಸೌದೆ ಬಂದು ಬಿದ್ದಾಗ ಒಂದು ದಿನ ಕೂತು ನೋಡಿ. ನೀಲಗಿರಿ ಎಷ್ಟು, ಸಿಲ್ವರ್ ಓಕ್ ಎಷ್ಟು, ಊರ ಮರ ಎಷ್ಟು? ಎಷ್ಟು ದೂರದಿಂದ ಬಂತು? ಜುಲೈಯಲ್ಲಿ ಬೆಂಕಿ ಹಚ್ಚಿದಾಗ ಒಂದು ಸರದಿಗೆ ಎಷ್ಟು ಸುಟ್ಟಿತು ಎಂದು ತಮ್ಮನನ್ನೋ ತಂಗಿಯನ್ನೋ ಕೇಳಿ ಬರೆಸಿಕೊಳ್ಳಿ. ಇಪ್ಪತ್ತು ಮನೆಯ ಇಂಥ ಲೆಕ್ಕ ಸೇರಿದರೆ ಊರಿಗೆ ಎಷ್ಟು ಎಕರೆ ಸೌದೆ ತೋಪು ಬೇಕು ಎಂದು ಹೇಳಬಹುದು. ಕಾಡಿನ ಅಂಚಿಗೆ ದಿನಾ ಬೀಳುವ ಪೆಟ್ಟನ್ನು ತಪ್ಪಿಸುವ ದಾರಿ ಅಲ್ಲಿಂದ ತೆರೆಯುತ್ತದೆ.

ಹೊಳೆ, ಗೋಮಾಳ, ಬ್ಯಾರನ್. ಮೂರು ಕಡೆಯ ಕೆಲಸ ಹೇಳಿದೆ. ಕೊನೆಯದಾಗಿ ನೋಟ್‌ಬುಕ್ಕಿನ ವಿಷಯ.

ಪ್ರಾಜೆಕ್ಟ್ ವರದಿಗೆ ಅಂಕ ಬಂದ ಮೇಲೆ ಅದು ಕಾಲೇಜಿನ ಬೀರುವಿನಲ್ಲಿ ಧೂಳು ತಿನ್ನುತ್ತದೆ. ಕೆಲವು ಸಲ ರದ್ದಿಗೂ ಹೋಗುತ್ತದೆ. ಮೂರು ವರ್ಷಕ್ಕೆ ವಿದ್ಯಾರ್ಥಿ ಹೋಗಿಬಿಡುತ್ತಾನೆ, ಚೌಕ ಅನಾಥವಾಗುತ್ತದೆ. ಇದಕ್ಕೆ ಅಧ್ಯಾಪಕರಾದ ನಾವೇ ಹೊಣೆ. 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದು ಜಾಲವಾಗಿ ಸೇರಿಸಿದ್ದರು. ಸಣ್ಣ ಊರುಗಳ ಕಾಲೇಜುಗಳು ತಮ್ಮ ಸುತ್ತಿನ ಗಿಡ, ಹಕ್ಕಿ, ಹೊಳೆಗಳ ಲೆಕ್ಕ ಬರೆದವು. ಹಳ್ಳಿಯವರ ಬಾಯಿಂದ ಕೇಳಿ ಜೀವವೈವಿಧ್ಯ ದಾಖಲೆಗಳನ್ನು ಮಾಡಿದವು. ಆಮೇಲೆ 2002ರಲ್ಲಿ ಜೀವವೈವಿಧ್ಯ ಕಾಯಿದೆ ಬಂತು. ಈಗ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ದಾಖಲೆ ಪುಸ್ತಕ ಇರಬೇಕು. ನಿಮ್ಮ ಚೌಕದ ಲೆಕ್ಕ ಸೇರಬೇಕಾದ ಜಾಗ ಅದು. ಒಂದು ಪ್ರತಿ ಕಾಲೇಜಿಗೆ, ಒಂದು ಪಂಚಾಯಿತಿಗೆ, ಒಂದು ನಿಮಗೆ. ಮತ್ತೆ ನಿಮಗಿಂತ ಕೆಳಗಿನ ತರಗತಿಯ ಒಬ್ಬರನ್ನು ಕರೆದುಕೊಂಡು ಹೋಗಿ ಗೂಟ ಎಲ್ಲಿದೆ ಎಂದು ತೋರಿಸಿ.

ಅಧ್ಯಾಪಕ ಮಿತ್ರರೇ, ಈ ರಜೆಗೆ ಪ್ರತಿ ವಿದ್ಯಾರ್ಥಿಗೆ ಹೊಸ ವಿಷಯ ಹುಡುಕಬೇಡಿ. ಹೋದ ವರ್ಷದವರು ಅಳೆದ ಜಾಗಕ್ಕೇ ಕಳಿಸಿ. ತಂದೆ ತಾಯಂದಿರೇ, ಮಗಳು ಹೊಳೆದಂಡೆಯಲ್ಲಿ ಹುಳು ಎಣಿಸುತ್ತಾ ಕೂತಿದ್ದರೆ ಜೊತೆಗೆ ಯಾರನ್ನಾದರೂ ಕಳಿಸಿ, ಬೇಡ ಎನ್ನಬೇಡಿ. ವಿದ್ಯಾರ್ಥಿಗಳೇ, ಅಶ್ವಿನಿ ಮಳೆ ಬೀಳುವ ಮುಂಚೆ ಚೌಕಕ್ಕೆ ನಾಲ್ಕರಂತೆ ಗೂಟ, ಬೇಕಾದಷ್ಟು ಹುರಿ, ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಹೊಂದಿಸಿಕೊಳ್ಳಿ. ಮೊದಲ ಪುಟದಲ್ಲಿ ತಾರೀಖು ಬರೆಯಿರಿ, ಜಾಗದ ಗುರುತು ಬರೆಯಿರಿ. ಮೃಗಶಿರ ಹುಟ್ಟಿದಾಗ ಅದೇ ಜಾಗಕ್ಕೆ ಮತ್ತೆ ಹೋಗಿ. ಮುಂದಿನ ವರ್ಷವೂ ಹೋಗಿ.